ಕಿವಿ ಮಂದವಾಗಿದ್ದ ಎಡಿಸನ್

ವಿದ್ಯುತ್ ದೀಪವನ್ನು ಕಂಡುಹಿಡಿದವರು ಯಾರು ಎಂದು ಪ್ರಾಥಮಿಕ ಶಾಲೆಯ ಯಾವ ಮಗುವನ್ನು ಕೇಳಿದರೂ ಥಾಮಸ್ ಆಲ್ವಾ ಎಡಿಸನ್ ಎಂಬ ಉತ್ತರ ಥಟ್ಟನೆ ಬರುತ್ತದೆ. ಕ್ವಿಜ್ ಸ್ಪರ್ಧೆಗಳಲ್ಲಿ ಇದು ಸವಕಲಾದ ಪ್ರಶ್ನೆ. ಆದರೆ ಅವರ ಹೆಸರಿನಲ್ಲಿದ್ದ 1,093 ಅಮೆರಿಕನ್ ಪೇಟೆಂಟ್‌ಗಳ ಪೈಕಿ ಅವರಿಗೆ ಎಲ್ಲಕ್ಕಿಂತ ಪ್ರಿಯವಾಗಿದ್ದುದು ದೀಪವಲ್ಲ. ಮನುಷ್ಯನ ಮಾತನ್ನು ಹಿಡಿದಿಟ್ಟು ಮತ್ತೆ ನುಡಿಸುವ ಫೋನೋಗ್ರಾಫ್. ವಿಚಿತ್ರವೆಂದರೆ, ಆ ಯಂತ್ರವನ್ನು ಮಾಡಿದವರಿಗೇ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹನ್ನೆರಡು ವರ್ಷದ ನಂತರ ಹಕ್ಕಿಯ ಹಾಡನ್ನು ತಾನು ಕೇಳಿಯೇ ಇಲ್ಲವೆಂದು ಅವರೇ ಬರೆದಿಟ್ಟಿದ್ದಾರೆ. ನಮ್ಮ ಪಠ್ಯಪುಸ್ತಕಗಳು ಈ ಸಂಗತಿಯನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ನಾನೂ ಹಲವು ವರ್ಷ ಹಾಗೆಯೇ ಪಾಠ ಮಾಡಿದ್ದೇನೆ. ಆ ಒಂದು ಸಾಲಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕೆಂದು ಈ ಲೇಖನ.

ಎಡಿಸನ್‌ರವರು 1847ರ ಫೆಬ್ರವರಿ 11ರಂದು ಅಮೆರಿಕದ ಒಹಾಯೊ ರಾಜ್ಯದ ಮೈಲನ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಸ್ಯಾಮುಯೆಲ್, ತಾಯಿ ನ್ಯಾನ್ಸಿ. ಏಳು ಮಕ್ಕಳಲ್ಲಿ ಇವರೇ ಕೊನೆಯವರು. ಮನೆಯಲ್ಲಿ ಎಲ್ಲರೂ ಆಲ್ ಎಂದು ಕರೆಯುತ್ತಿದ್ದರು. 1854ರಲ್ಲಿ ಕುಟುಂಬ ಮಿಷಿಗನ್ ರಾಜ್ಯದ ಪೋರ್ಟ್ ಹ್ಯೂರನ್ ಎಂಬ ಊರಿಗೆ ಬಂದು ನೆಲೆಸಿತು. ಬಾಲ್ಯದಲ್ಲಿಯೇ ಆಲ್‌ಗೆ ಸ್ಕಾರ್ಲೆಟ್ ಜ್ವರ ಬಂತು. ಇದು ಗಂಟಲು ಕೆಂಪಗಾಗಿ ಊದಿಕೊಂಡು, ಮೈತುಂಬ ಕೆಂಪು ದದ್ದು ಏಳುವ ಕಾಯಿಲೆ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ನಮ್ಮ ಗಂಟಲಿನ ಹಿಂಭಾಗದಿಂದ ಕಿವಿಯ ಒಳಕ್ಕೆ ಒಂದು ಸಣ್ಣ ನಾಳವಿದೆ. ಗಂಟಲಿನ ಸೋಂಕು ಆ ನಾಳದ ದಾರಿ ಹಿಡಿದು ಕಿವಿ ತಮಟೆಯ ಹಿಂಬದಿಗೆ ತಲುಪಿದರೆ ಅಲ್ಲಿ ಕೀವು ತುಂಬುತ್ತದೆ, ತಮಟೆ ಒಡೆಯುತ್ತದೆ, ಕಿವಿ ಸೋರುತ್ತದೆ. ಮಕ್ಕಳಲ್ಲಿ ಈ ನಾಳ ಗಿಡ್ಡವಾಗಿ, ಹೆಚ್ಚು ಅಡ್ಡವಾಗಿ ಇರುವುದರಿಂದ ನೆಗಡಿ ಬಂದಾಗಲೆಲ್ಲ ಕಿವಿನೋವೂ ಜೊತೆಗೂಡುತ್ತದೆ. ಆಲ್‌ಗೆ ಮತ್ತೆ ಮತ್ತೆ ಹೀಗಾಯಿತು. ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ, ಜನರ ಕೈಗೆ ಸಿಕ್ಕಿದ್ದು 1940ರ ದಶಕದಲ್ಲಿ. 1850ರ ದಶಕದ ತಾಯಿಯ ಬಳಿ ಕಿವಿನೋವಿನಿಂದ ಅಳುವ ಮಗುವಿಗೆ ಕೊಡಲು ಬಿಸಿ ಬಟ್ಟೆಯ ಶಾಖ ಬಿಟ್ಟರೆ ಬೇರೇನೂ ಇರಲಿಲ್ಲ ಎನ್ನಬಹುದು.

ಆಲ್ ಶಾಲೆಗೆ ಹೋದದ್ದು ಕೆಲವೇ ತಿಂಗಳು. ಬಾಯಿಪಾಠದ ಆ ತರಗತಿಯಲ್ಲಿ ಹುಡುಗನ ಗಮನ ಎಲ್ಲೆಲ್ಲೋ ಇರುತ್ತಿತ್ತು. ಮೇಷ್ಟರು ಅವನ ತಲೆ ಸರಿಯಿಲ್ಲವೆಂದು ಹೇಳಿದ್ದು ಹುಡುಗನ ಕಿವಿಗೇ ಬಿತ್ತು. ಅವನು ಮನೆಗೆ ಬಂದು ಅತ್ತುಕೊಂಡು ತಾಯಿಗೆ ತಿಳಿಸಿದ. ನ್ಯಾನ್ಸಿಯವರು ಮದುವೆಗೆ ಮುಂಚೆ ಸ್ವತಃ ಶಿಕ್ಷಕಿಯಾಗಿದ್ದವರು. ಅವರು ಶಾಲೆಗೆ ಹೋಗಿ ಜಗಳವಾಡಿ, ಮಗನನ್ನು ಬಿಡಿಸಿಕೊಂಡು ಬಂದು, ಮನೆಯಲ್ಲಿಯೇ ಓದಿಸಿದರು. ಇಲ್ಲಿ ಒಂದು ವಿಷಯ ಹೇಳಬೇಕು. ಮೇಷ್ಟರು ಕೊಟ್ಟ ಚೀಟಿಯಲ್ಲಿ ಮಗ ದಡ್ಡನೆಂದು ಇದ್ದರೂ ತಾಯಿ ಅದನ್ನು ಬದಲಿಸಿ ಮಗ ಮಹಾ ಬುದ್ಧಿವಂತನೆಂದು ಓದಿದಳು, ಎಷ್ಟೋ ವರ್ಷಗಳ ನಂತರ ಆ ಚೀಟಿ ಮಗನಿಗೆ ಸಿಕ್ಕಿತು ಎಂಬ ಕಥೆ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ನಮ್ಮ ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲೂ ಕೇಳಿದ್ದೇನೆ. ಕಣ್ಣೀರು ತರಿಸುವ ಕಥೆ ಹೌದು, ಆದರೆ ಅದಕ್ಕೆ ಆಧಾರವಿಲ್ಲ. ನಡೆದದ್ದೇ ಸಾಕಷ್ಟು ದೊಡ್ಡದು: ಮಗನ ಪರವಾಗಿ ಒಬ್ಬ ತಾಯಿ ಶಾಲೆಯ ಮೆಟ್ಟಿಲು ಹತ್ತಿದಳು.

ಆ ಮೇಷ್ಟರನ್ನು ನಾನು ಬಯ್ಯಲಾರೆ. ಕೆಲವು ವರ್ಷಗಳ ಹಿಂದೆ ನನ್ನ ಐದನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹಿಂದಿನ ಬೆಂಚು. ಬೋರ್ಡಿನಿಂದ ನೋಡಿ ಬರೆದದ್ದು ಮುತ್ತಿನಂಥ ಅಕ್ಷರ, ಒಂದೂ ತಪ್ಪಿರುತ್ತಿರಲಿಲ್ಲ. ಕನ್ನಡದಲ್ಲಿ ಉಕ್ತಲೇಖನ, ಉರ್ದುವಿನಲ್ಲಿ ಇಮ್ಲಾ ಎಂದರೆ ಮಾತ್ರ ಪುಟ ತುಂಬ ಕೆಂಪು ಗುರುತು. ಹೆಸರು ಹಿಡಿದು ಕರೆದರೆ ಎರಡನೇ ಸಲಕ್ಕೆ ತಿರುಗುತ್ತಿದ್ದ. ಬೇಕೆಂದೇ ಮಾಡುತ್ತಾನೆ, ಪಾಠದಲ್ಲಿ ಮನಸ್ಸಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅವನ ಕಿವಿಯಲ್ಲಿ ಯಾವಾಗಲೂ ಹತ್ತಿಯ ಉಂಡೆ ಇರುತ್ತಿತ್ತು. ಅದನ್ನು ನೋಡಿಯೂ ನೋಡಿರಲಿಲ್ಲ. ಬಿ.ಎಡ್. ತರಬೇತಿಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಬಗ್ಗೆ ಒಂದು ಇಡೀ ಅಧ್ಯಾಯ ಓದಿ ಅಂಕ ಪಡೆದವರಲ್ಲಿ ನಾನೂ ಒಬ್ಬಳು. ಶಾಲೆಗೆ ಆರೋಗ್ಯ ತಪಾಸಣೆಗೆ ಬಂದ ವೈದ್ಯರು ಎರಡು ನಿಮಿಷದಲ್ಲಿ ಹೇಳಿದರು: ಎರಡೂ ಕಿವಿ ಸೋರುತ್ತಿವೆ, ಒಂದರ ತಮಟೆ ತೂತಾಗಿದೆ. ಒಂದು ವರ್ಷದ ಕೆಂಪು ಗುರುತುಗಳನ್ನು ಆ ಮಗುವಿಗೆ ನಾನು ಹಾಕಿದ್ದೆ. ಎಡಿಸನ್‌ರ ಕಥೆಯನ್ನು ಮತ್ತೆ ಓದಲು ಕುಳಿತದ್ದು ಆ ಸಂಜೆಯೇ.

ಹನ್ನೆರಡನೇ ವಯಸ್ಸಿನಲ್ಲಿ, ಅಂದರೆ 1859ರಲ್ಲಿ, ಆಲ್ ರೈಲಿನಲ್ಲಿ ಪತ್ರಿಕೆ, ಮಿಠಾಯಿ, ಹಣ್ಣು ಮಾರುವ ಕೆಲಸ ಹಿಡಿದ. ಪೋರ್ಟ್ ಹ್ಯೂರನ್‌ನಿಂದ ಡೆಟ್ರಾಯಿಟ್ ನಗರಕ್ಕೆ ನೂರು ಕಿಲೋಮೀಟರಿನಷ್ಟು ದೂರ. ಬೆಳಿಗ್ಗೆ ಹೋದ ರೈಲು ರಾತ್ರಿ ಮರಳುತ್ತಿತ್ತು. ನಡುವಿನ ಗಂಟೆಗಳನ್ನು ಅವನು ಡೆಟ್ರಾಯಿಟ್‌ನ ಗ್ರಂಥಾಲಯದಲ್ಲಿ ಕಳೆಯುತ್ತಿದ್ದ. ಸಾಮಾನು ಡಬ್ಬಿಯ ಒಂದು ಮೂಲೆಯಲ್ಲಿ ರಾಸಾಯನಿಕ ಪ್ರಯೋಗಗಳ ಸೀಸೆಗಳು. 1862ರಲ್ಲಿ ಅದೇ ಡಬ್ಬಿಯಲ್ಲಿ ಪುಟ್ಟ ಮುದ್ರಣಯಂತ್ರವಿಟ್ಟು ತನ್ನದೇ ಒಂದು ವಾರಪತ್ರಿಕೆಯನ್ನೂ ಅಚ್ಚು ಹಾಕಿ ಮಾರಿದ. ಹದಿನೈದು ವರ್ಷದ ಹುಡುಗನೊಬ್ಬ ಓಡುವ ರೈಲಿನಲ್ಲಿ ಪತ್ರಿಕೆ ಮುದ್ರಿಸಿದ ಎಂದರೆ ನಮ್ಮ ವಿದ್ಯಾರ್ಥಿಗಳು ನಂಬುವುದಿಲ್ಲ!

ಕಿವಿ ಕೆಟ್ಟದ್ದು ಈ ಕಾಲದಲ್ಲಿಯೇ ಎಂಬುದಕ್ಕೆ ಎರಡು ಕಥೆಗಳಿವೆ. ಒಮ್ಮೆ ರಂಜಕದ ಕಡ್ಡಿ ಬಿದ್ದು ಡಬ್ಬಿಗೆ ಬೆಂಕಿ ಹತ್ತಿತು, ಸಿಟ್ಟಿಗೆದ್ದ ಕಂಡಕ್ಟರ್ ಹುಡುಗನ ಕಪಾಳಕ್ಕೆ ಬಾರಿಸಿ ಸಾಮಾನು ಸಮೇತ ಕೆಳಗಿಳಿಸಿದ, ಅಂದಿನಿಂದ ಕಿವಿ ಹೋಯಿತು ಎಂಬುದು ಒಂದು. ಇನ್ನೊಂದನ್ನು ಎಡಿಸನ್‌ರವರೇ ಮುಂದೆ ಹೇಳಿದ್ದು: ಹೊರಟ ರೈಲನ್ನು ಹತ್ತಲು ಹೆಣಗುತ್ತಿದ್ದಾಗ ರೈಲಿನವನೊಬ್ಬ ಎರಡೂ ಕಿವಿ ಹಿಡಿದು ಮೇಲಕ್ಕೆ ಎತ್ತಿಕೊಂಡ, ತಲೆಯೊಳಗೆ ಏನೋ ಟಿಕ್ಕೆಂದಂತಾಯಿತು, ಅಲ್ಲಿಂದ ಕಿವಿ ಮಂದವಾಗುತ್ತ ಬಂತು. ಜೀವನಚರಿತ್ರೆ ಬರೆದವರು ಬಹುತೇಕ ಈ ಎರಡನ್ನೂ ಬದಿಗಿಟ್ಟು, ಬಾಲ್ಯದ ಜ್ವರ ಮತ್ತು ಪದೇ ಪದೇ ಆದ ಕಿವಿಯ ಸೋಂಕೇ ಮೂಲ ಕಾರಣವೆನ್ನುತ್ತಾರೆ. ನನಗೂ ಅದೇ ಸರಿ ಎನ್ನಿಸುತ್ತದೆ. ರೈಲಿನ ಘಟನೆಯಲ್ಲಿ ನೆನಪಿಡುವಂಥ ನಾಟಕವಿದೆ. ಸೋರುವ ಕಿವಿಯಲ್ಲಿ ಏನೂ ನಾಟಕವಿಲ್ಲ. ಹಾಗಾಗಿಯೇ ಅದನ್ನು ಯಾರೂ ಗಮನಿಸುವುದಿಲ್ಲ. ಆದರೂ ಮೊದಲ ಕಥೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ ಎಂಬುದನ್ನು ನಮ್ಮ ಶಿಕ್ಷಕ ಬಾಂಧವರಿಗೆ ನೆನಪಿಸುತ್ತೇನೆ. ಅಂಗೈ ಅಗಲಿಸಿ ಕಿವಿಯ ಮೇಲೆ ಹೊಡೆದರೆ ಒಳಗೆ ಒತ್ತಿಕೊಂಡ ಗಾಳಿಗೆ ತಮಟೆ ಹರಿಯಬಲ್ಲದು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿದೆ. ಕಾಯ್ದೆ ಇರಲಿ, ಇಲ್ಲದಿರಲಿ, ಕಪಾಳ ಹೊಡೆತಕ್ಕೆ ಇರುವ ಜಾಗವಲ್ಲ.

1862ರಲ್ಲಿಯೇ ಮೌಂಟ್ ಕ್ಲೆಮೆನ್ಸ್ ಎಂಬ ನಿಲ್ದಾಣದಲ್ಲಿ ಸ್ಟೇಷನ್ ಮಾಸ್ಟರರ ಪುಟ್ಟ ಮಗು ಹಳಿಯ ಮೇಲೆ ಆಡುತ್ತಿರುವುದನ್ನು ಆಲ್ ಕಂಡ. ಡಬ್ಬಿಯೊಂದು ಉರುಳಿ ಬರುತ್ತಿತ್ತು. ಓಡಿಹೋಗಿ ಮಗುವನ್ನು ಎತ್ತಿಕೊಂಡು ಬದುಕಿಸಿದ. ಕೃತಜ್ಞನಾದ ತಂದೆ ಹುಡುಗನಿಗೆ ಟೆಲಿಗ್ರಾಫ್ ವಿದ್ಯೆ ಹೇಳಿಕೊಟ್ಟರು. ಕಿವಿ ಮಂದವಾದವನಿಗೆ ಕಿವಿಯಿಂದಲೇ ಮಾಡಬೇಕಾದ ಉದ್ಯೋಗ! ಆದರೆ ಇಲ್ಲಿ ಒಂದು ಸೋಜಿಗವಿದೆ. ಟೆಲಿಗ್ರಾಫ್ ಕಚೇರಿಯಲ್ಲಿ ಸಾಲಾಗಿ ಯಂತ್ರಗಳಿದ್ದು, ಎಲ್ಲವೂ ಒಟ್ಟಿಗೆ ಟಕಟಕ ಎನ್ನುತ್ತಿದ್ದವು. ಉಳಿದವರಿಗೆ ಪಕ್ಕದ ಮೇಜಿನ ಸದ್ದು ತೊಂದರೆ ಕೊಡುತ್ತಿತ್ತು. ಎಡಿಸನ್‌ಗೆ ತನ್ನ ಮುಂದಿನ ಯಂತ್ರದ ಗಡಸು ಟಕ್ ಸದ್ದು ಮಾತ್ರ ಕೇಳಿಸುತ್ತಿತ್ತು, ಬೇರೇನೂ ಕೇಳಿಸುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಅವರು ಚುರುಕಾದ ಟೆಲಿಗ್ರಾಫರ್ ಎನಿಸಿಕೊಂಡು ಊರೂರು ಅಲೆದು ಕೆಲಸ ಮಾಡಿದರು. 1868ರಲ್ಲಿ ಬೋಸ್ಟನ್ ನಗರಕ್ಕೆ ಬಂದರು. 1869ರಲ್ಲಿ ಮತ ಎಣಿಸುವ ವಿದ್ಯುತ್ ಯಂತ್ರಕ್ಕೆ ಮೊದಲ ಪೇಟೆಂಟ್ ಸಿಕ್ಕಿತು. ಯಾವ ಶಾಸನಸಭೆಯೂ ಅದನ್ನು ಕೊಳ್ಳಲಿಲ್ಲ. ನಂತರ ನ್ಯೂಯಾರ್ಕ್, ನೆವಾರ್ಕ್. 1876ರಲ್ಲಿ ನ್ಯೂಜೆರ್ಸಿಯ ಮೆನ್ಲೊ ಪಾರ್ಕ್ ಎಂಬ ಹಳ್ಳಿಯಲ್ಲಿ ಸ್ವಂತ ಪ್ರಯೋಗಾಲಯ.

ಅದೇ 1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್‌ರವರು ಟೆಲಿಫೋನಿಗೆ ಪೇಟೆಂಟ್ ಪಡೆದರು. ಬೆಲ್‌ರವರ ತಾಯಿಗೂ ಕಿವಿ ಕೇಳುತ್ತಿರಲಿಲ್ಲ. ಅವರು 1877ರಲ್ಲಿ ಮದುವೆಯಾದ ಮೇಬಲ್ ಐದನೇ ವಯಸ್ಸಿನಲ್ಲಿ ಇದೇ ಸ್ಕಾರ್ಲೆಟ್ ಜ್ವರದಿಂದ ಶ್ರವಣಶಕ್ತಿ ಕಳೆದುಕೊಂಡವರು. ಬೆಲ್‌ರವರು ಕಿವುಡ ಮಕ್ಕಳ ಶಿಕ್ಷಕರೂ ಆಗಿದ್ದರು. ಮನುಷ್ಯರ ದನಿಯನ್ನು ಊರಿಂದೂರಿಗೆ ಸಾಗಿಸಿದ ಆ ಯಂತ್ರದ ಹಿಂದೆ ಕೇಳದ ಕಿವಿಗಳು ಎಷ್ಟೊಂದು! ಬೆಲ್‌ರ ಟೆಲಿಫೋನಿನಲ್ಲಿ ಬರುತ್ತಿದ್ದ ಸದ್ದು ಬಹಳ ಕ್ಷೀಣ. ಎಡಿಸನ್‌ರಿಗೆ ಅದು ಬಹುಮಟ್ಟಿಗೆ ಕೇಳಿಸುತ್ತಲೇ ಇರಲಿಲ್ಲ. ತನಗೆ ಕೇಳುವಂತಾದರೆ ಯಾರಿಗಾದರೂ ಕೇಳುತ್ತದೆ ಎಂಬ ಲೆಕ್ಕದಿಂದ ಕೆಲಸಕ್ಕಿಳಿದು, 1877ರ ಸುಮಾರಿಗೆ ದೀಪದ ಮಸಿಯನ್ನು ಒತ್ತಿ ಮಾಡಿದ ಬಿಲ್ಲೆಯಿಂದ ಹೊಸ ಟ್ರಾನ್ಸ್‌ಮಿಟರ್ ಸಿದ್ಧಪಡಿಸಿದರು. ಮಾತಿನ ಒತ್ತಡಕ್ಕೆ ತಕ್ಕಂತೆ ಆ ಬಿಲ್ಲೆಯಲ್ಲಿ ಹರಿಯುವ ವಿದ್ಯುತ್ ಹೆಚ್ಚು ಕಡಿಮೆಯಾಗುತ್ತದೆ. ನಮ್ಮ ಅಜ್ಜಂದಿರ ಕಾಲದ ಕಪ್ಪು ಡಯಲ್ ಫೋನುಗಳ ಬಾಯಿಯ ಭಾಗದಲ್ಲಿ ಇದ್ದದ್ದೂ ಇಂಥದೇ ಇಂಗಾಲದ ಮೈಕ್. ಸುಮಾರು ನೂರು ವರ್ಷ ಜಗತ್ತು ಅದರಲ್ಲಿಯೇ ಮಾತಾಡಿತು.

ಈ ಟೆಲಿಫೋನ್ ಕೆಲಸದಿಂದಲೇ ಫೋನೋಗ್ರಾಫ್ ಹುಟ್ಟಿತು. ಸದ್ದು ಎಷ್ಟು ಜೋರಾಗಿದೆ ಎಂದು ಕಿವಿಯಿಂದ ಅಳೆಯಲು ಎಡಿಸನ್‌ರಿಗೆ ಆಗುತ್ತಿರಲಿಲ್ಲ. ಆದ್ದರಿಂದ ಅದುರುವ ತೆಳುಪರದೆಗೆ ಒಂದು ಸಣ್ಣ ಸೂಜಿ ಅಂಟಿಸಿ, ಸೂಜಿಯ ತುದಿಗೆ ಬೆರಳು ತಾಗಿಸಿ ಹಿಡಿಯುತ್ತಿದ್ದರು. ಜೋರು ಮಾತಿಗೆ ಬೆರಳಿಗೆ ಚುಚ್ಚುತ್ತಿತ್ತು, ಮೆಲುಮಾತಿಗೆ ಬರೀ ಕಚಗುಳಿ. ಸೂಜಿ ಬೆರಳನ್ನು ಚುಚ್ಚಬಲ್ಲದಾದರೆ ಬೇರೆ ಮೆತ್ತಗಿನ ವಸ್ತುವಿನ ಮೇಲೂ ಗುರುತು ಮಾಡಬಲ್ಲದು, ಆ ಗುರುತಿನ ಮೇಲೆ ಸೂಜಿಯನ್ನು ಮತ್ತೆ ಓಡಿಸಿದರೆ ಪರದೆ ಮತ್ತೆ ಅದೇ ರೀತಿ ಅದುರಬೇಕು, ಅಲ್ಲವೇ? ಕಿವಿ ಚೆನ್ನಾಗಿದ್ದವರು ಬೆರಳಿಟ್ಟು ನೋಡುವ ಗೊಡವೆಗೇ ಹೋಗುತ್ತಿರಲಿಲ್ಲವೇನೋ. ನಕ್ಷೆ ಬರೆದು ತಮ್ಮ ಕುಶಲ ಮೆಕ್ಯಾನಿಕ್ ಜಾನ್ ಕ್ರೂಸಿಯವರ ಕೈಗೆ ಕೊಟ್ಟರು. ಹಿಡಿಕೆ ತಿರುಗಿಸಿದರೆ ಸುತ್ತುವ ಒಂದು ಹಿತ್ತಾಳೆಯ ಉರುಳೆ, ಅದರ ಮೇಲೆ ತವರದ ತೆಳು ಹಾಳೆ, ಆಚೀಚೆ ಒಂದೊಂದು ಪರದೆ ಮತ್ತು ಸೂಜಿ. ಇಷ್ಟೇ ಯಂತ್ರ. 1877ರ ಡಿಸೆಂಬರಿನಲ್ಲಿ ಎಡಿಸನ್‌ರವರು ಹುಡುಗಿ ಮತ್ತು ಅವಳ ಕುರಿಮರಿಯ ಬಗೆಗಿನ ಒಂದು ಶಿಶುಗೀತೆಯನ್ನು ಅದರೊಳಕ್ಕೆ ಕೂಗಿ ಹೇಳಿದರು. ಹಿಡಿಕೆ ತಿರುಗಿಸಿದಾಗ ಯಂತ್ರ ಅದನ್ನೇ ತಿರುಗಿ ಹೇಳಿತು. ಮೊದಲ ಪ್ರಯತ್ನದಲ್ಲಿಯೇ ಕೆಲಸ ಮಾಡಿದ ಯಂತ್ರ ಕಂಡು ಅವರೇ ಬೆಚ್ಚಿಬಿದ್ದರು. ಡಿಸೆಂಬರ್ 24ರಂದು ಪೇಟೆಂಟ್ ಅರ್ಜಿ ಸಲ್ಲಿಸಿದರು, 1878ರ ಫೆಬ್ರವರಿ 19ರಂದು ಮಂಜೂರಾಯಿತು. ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷರ ನಿವಾಸದಲ್ಲಿ ಪ್ರದರ್ಶನವಾಯಿತು. ಅದೇ ವರ್ಷ ಈ ಯಂತ್ರದ ಉಪಯೋಗಗಳ ಪಟ್ಟಿಯೊಂದನ್ನು ಅವರು ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿ ಅಂಧರಿಗಾಗಿ ಮಾತಾಡುವ ಪುಸ್ತಕಗಳೂ ಇದ್ದವು.

ಪ್ರಾಸಂಗಿಕವಾಗಿ ಒಂದು ಮಾತು. ಉರುಳೆಯ ಬದಲು ಚಪ್ಪಟೆ ತಟ್ಟೆಯ ಮೇಲೆ ಧ್ವನಿ ಕೊರೆಯುವ ಗ್ರಾಮಫೋನನ್ನು 1887ರಲ್ಲಿ ಎಮಿಲ್ ಬರ್ಲಿನರ್ ತಂದರು. ಅಂಥ ತಟ್ಟೆಗಾಗಿ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್‌ರವರು ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ದನಿ ಇಂದಿಗೂ ನಮಗೆ ಕೇಳಲು ಸಿಗುತ್ತಿದ್ದರೆ ಅದರ ಬೇರು ಆ ಬೆರಳಿಗೆ ಚುಚ್ಚಿದ ಸೂಜಿಯಲ್ಲಿದೆ.

ತಾನು ಮಾಡಿದ ಯಂತ್ರವನ್ನು ಎಡಿಸನ್‌ರವರು ಕೇಳುತ್ತಿದ್ದುದು ಹೇಗೆ? ಹಲ್ಲಿನಿಂದ! ಫೋನೋಗ್ರಾಫಿನ ಮರದ ಪೆಟ್ಟಿಗೆಯನ್ನು ಹಲ್ಲಿನಿಂದ ಕಚ್ಚಿ ಹಿಡಿದು ಕೇಳುತ್ತಿದ್ದರು. ಯಾರಾದರೂ ಪಿಯಾನೊ ನುಡಿಸಿದರೆ ಅದರ ಮರವನ್ನೂ ಕಚ್ಚುತ್ತಿದ್ದರು. ಇದು ತಮಾಷೆಯಲ್ಲ, ಇದರಲ್ಲಿ ವಿಜ್ಞಾನವಿದೆ. ಸದ್ದು ಗಾಳಿಯ ಮೂಲಕ ಬಂದು ತಮಟೆಗೆ ಬಡಿಯುತ್ತದೆ. ತಮಟೆಯ ಹಿಂದಿನ ಮೂರು ಪುಟ್ಟ ಎಲುಬುಗಳು ಆ ಅದುರುವಿಕೆಯನ್ನು ಒಳಗಿವಿಗೆ ದಾಟಿಸುತ್ತವೆ. ಶಂಖುವಿನಂತೆ ಸುರುಳಿ ಸುತ್ತಿದ ಒಳಗಿವಿ ಅದನ್ನು ನರದ ಸಂದೇಶವಾಗಿ ಬದಲಿಸುತ್ತದೆ. ಎಡಿಸನ್‌ರಲ್ಲಿ ಹಾಳಾಗಿದ್ದುದು ಹೆಚ್ಚಾಗಿ ನಡುವಿನ ಭಾಗ. ಹಲ್ಲು, ದವಡೆ, ತಲೆಬುರುಡೆಯ ಮೂಲಕ ಹೋದ ಅದುರು ಆ ಕೆಟ್ಟ ಸೇತುವೆಯನ್ನು ಬಳಸದೆ ನೇರವಾಗಿ ಒಳಗಿವಿಯನ್ನು ಮುಟ್ಟುತ್ತಿತ್ತು. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಹಪ್ಪಳ ತಿಂದು ನೋಡಿ, ವಿದ್ಯಾರ್ಥಿ ಮಿತ್ರರೇ. ತಲೆಯೊಳಗೆ ಎಷ್ಟು ಸದ್ದಾಗುತ್ತದೆ! ಇಂದು ಕೆಲವು ಮಕ್ಕಳಿಗೆ ಕಿವಿಯ ಹಿಂದಿನ ಎಲುಬಿಗೆ ತಾಗುವಂತೆ ಕೂರಿಸುವ ಶ್ರವಣಸಾಧನಗಳಲ್ಲಿ ಇರುವುದೂ ಇದೇ ತತ್ವ.

ಮನೆಯಲ್ಲಿ ಬದುಕು ಹೇಗಿತ್ತು? ಮೊದಲ ಪತ್ನಿ ಮೇರಿ 1884ರಲ್ಲಿ ತೀರಿಕೊಂಡರು. ಮೊದಲ ಇಬ್ಬರು ಮಕ್ಕಳಿಗೆ ಟೆಲಿಗ್ರಾಫಿನ ಚುಕ್ಕೆ ಮತ್ತು ಗೆರೆಯ ಹೆಸರನ್ನೇ, ಡಾಟ್ ಮತ್ತು ಡ್ಯಾಶ್ ಎಂದು, ಅಡ್ಡಹೆಸರಾಗಿ ಇಟ್ಟಿದ್ದರು. ಆ ಮಕ್ಕಳಿಗೆ ತಂದೆ ಸಿಕ್ಕಿದ್ದು ಕಡಿಮೆ. ರಾತ್ರಿಯೆಲ್ಲ ಪ್ರಯೋಗಾಲಯದಲ್ಲಿ ಕಳೆಯುವ ಮನುಷ್ಯ. ನಂತರ ಮೀನಾ ಮಿಲ್ಲರ್ ಎಂಬ ಯುವತಿಯ ಪರಿಚಯವಾಯಿತು. ಎಡಿಸನ್‌ರವರು ಆಕೆಗೆ ಮೋರ್ಸ್ ಸಂಕೇತ ಕಲಿಸಿದರು. ಒಮ್ಮೆ ಪ್ರಯಾಣದಲ್ಲಿ ಸುತ್ತ ಜನರಿದ್ದಾಗಲೇ ಆಕೆಯ ಅಂಗೈಯಲ್ಲಿ ಬೆರಳಿನಿಂದ ತಟ್ಟಿ ಮದುವೆಯ ಪ್ರಸ್ತಾಪ ಮಾಡಿದರು. ಆಕೆಯೂ ಬೆರಳಿನಿಂದಲೇ ಒಪ್ಪಿಗೆ ತಟ್ಟಿದರು. 1886ರ ಫೆಬ್ರವರಿ 24ರಂದು ವಿವಾಹವಾಯಿತು. ನಾಟಕಕ್ಕೆ ಹೋದಾಗ ರಂಗದ ಮೇಲಿನ ಮಾತನ್ನು ಅವರ ಮೊಣಕಾಲಿನ ಮೇಲೆ ತಟ್ಟಿ ತಿಳಿಸುವ ರೂಢಿ ಬೆಳೆಯಿತು. ಪ್ರಯೋಗಾಲಯದಲ್ಲಿ ಚಾರ್ಲ್ಸ್ ಬ್ಯಾಚಲರ್‌ರಂಥ ಸಹಾಯಕರು ಅವರ ಕಿವಿಯಾಗಿದ್ದರು. ಹತ್ತಿರ ಬಂದು ಜೋರಾಗಿ, ಬಿಡಿಸಿ ಹೇಳುವುದು, ಬರೆದು ತೋರಿಸುವುದು ಅಲ್ಲಿ ಎಲ್ಲರಿಗೂ ಅಭ್ಯಾಸವಾಗಿತ್ತು. ಕಿವಿ ಮಂದವಾದ ಹಿರಿಯರು ನಮ್ಮ ಎಷ್ಟು ಮನೆಗಳಲ್ಲಿಲ್ಲ? ಏನೆಂದರು ಎಂದು ದಾದಾ ಕೇಳಿದರೆ, ಏನಿಲ್ಲ ಬಿಡಿ ಎಂದು ಮುಗಿಸಿಬಿಡುತ್ತೇವೆ. ಆ ಏನಿಲ್ಲ ಎಂಬ ಮಾತು ಅವರನ್ನು ನಿಧಾನವಾಗಿ ಮನೆಯ ಮಾತುಕತೆಯಿಂದ ಹೊರಗಿಡುತ್ತದೆ.

ತನ್ನ ಕಿವುಡುತನ ವರವಾಯಿತೆಂದು ಎಡಿಸನ್‌ರವರು ಅನೇಕ ಸಲ ಹೇಳಿಕೊಂಡಿದ್ದಾರೆ. ಹರಟೆಯಿಂದ ಪಾರಾದೆ, ಪುಸ್ತಕದ ಕಡೆ ತಿರುಗಿದೆ, ಗದ್ದಲದ ಊರಿನಲ್ಲೂ ಏಕಾಗ್ರತೆ ಸಿಕ್ಕಿತು ಎಂಬುದು ಅವರ ವಾದ. ಭಾಷಣಕಾರರಿಗೆ ಈ ಮಾತು ಬಹಳ ಇಷ್ಟ. ನನಗೆ ಇದನ್ನು ಮಕ್ಕಳ ಮುಂದೆ ಹಾಗೆಯೇ ಹೇಳಲು ಮನಸ್ಸು ಬರುವುದಿಲ್ಲ. ಅವರಿಗೆ ನ್ಯಾನ್ಸಿಯಂಥ ತಾಯಿ ಇದ್ದರು, ಮೀನಾ ಇದ್ದರು, ಸಂಬಳ ಪಡೆದು ಅವರಿಗಾಗಿ ಕೇಳುವ ಜನರಿದ್ದರು. ಹನ್ನೆರಡು ವರ್ಷದವರೆಗೆ ಭಾಷೆ ಕೇಳಿ ಕಲಿತಿದ್ದರು. ಹುಟ್ಟಿನಿಂದಲೇ ಕೇಳದ ಮಗುವಿಗೆ, ಸೋರುವ ಕಿವಿಯ ಬಡ ಹುಡುಗನಿಗೆ ಇದಾವುದೂ ಇಲ್ಲ. ಅದೂ ಅಲ್ಲದೆ ಎಡಿಸನ್‌ರ ಕಿವಿ ಅವರನ್ನು ನೆಮ್ಮದಿಯಿಂದ ಬಿಟ್ಟದ್ದೂ ಇಲ್ಲ. ಅರವತ್ತರ ಆಸುಪಾಸಿನಲ್ಲಿ ಕಿವಿಯ ಹಿಂದಿನ ಎಲುಬಿಗೆ ಸೋಂಕು ತಗಲಿ ಎರಡು ಬಾರಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಹಳೆಯ ಕಿವಿ ಸೋಂಕು ಆ ಎಲುಬಿಗೆ, ಅಲ್ಲಿಂದ ಮೆದುಳಿಗೂ ಹಬ್ಬಬಲ್ಲದು. ಕಿವಿ ಸೋರುವುದು ದೊಡ್ಡವನಾದರೆ ತಾನೇ ನಿಲ್ಲುತ್ತದೆ ಎಂದು ಸುಮ್ಮನಿರುವ ತಾಯ್ತಂದೆಯರು ಇದನ್ನು ತಿಳಿಯಬೇಕು. ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಹಾಕುವುದು, ಪಿನ್ನು, ಬೆಂಕಿಕಡ್ಡಿ, ಬಡ್ಸ್ ಹಾಕಿ ಗುಗ್ಗೆ ತೆಗೆಯುವುದು, ಇವೆಲ್ಲ ಕೆಡುಕು ಮಾಡುತ್ತವೆ. ಗುಗ್ಗೆ ಕಿವಿಯ ರಕ್ಷಣೆಗಾಗಿಯೇ ಇದ್ದು, ಸಾಮಾನ್ಯವಾಗಿ ತಾನಾಗಿಯೇ ಹೊರಬರುತ್ತದೆ. ಸೋರುವ ಕಿವಿಯನ್ನು ಒಣಗಿಸಿಟ್ಟು, ನೀರು ಹೋಗದಂತೆ ನೋಡಿಕೊಂಡು, ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕು. ತಮಟೆಯ ತೂತನ್ನು ಇಂದು ಶಸ್ತ್ರಚಿಕಿತ್ಸೆಯಿಂದ ಮುಚ್ಚುತ್ತಾರೆ. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಈ ವಿಭಾಗವಿದೆ. ಶ್ರವಣ ಪರೀಕ್ಷೆಗೆ, ಮಾತಿನ ತರಬೇತಿಗೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾನಸಗಂಗೋತ್ರಿಯಲ್ಲಿರುವ ಈ ಸಂಸ್ಥೆಗೆ ದೇಶದ ಬೇರೆ ಬೇರೆ ಕಡೆಯಿಂದ ಜನ ಬರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಕ್ಕಳ ಶ್ರವಣದೋಷದಲ್ಲಿ ಸುಮಾರು ಶೇಕಡಾ 60ರಷ್ಟನ್ನು ತಡೆಯಲು ಸಾಧ್ಯವಿದೆ.

ಇಷ್ಟೆಲ್ಲ ಕಂಡುಹಿಡಿದವರು ತಮಗೊಂದು ಶ್ರವಣಯಂತ್ರ ಮಾಡಿಕೊಳ್ಳಲಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಮಾರುಕಟ್ಟೆಗೆ ಅಂಥದೊಂದನ್ನು ಅವರು ತರಲೇ ಇಲ್ಲ. ತಂದವರು ಮಿಲ್ಲರ್ ರೀಸ್ ಹಚಿಸನ್ ಎಂಬ ಇನ್ನೊಬ್ಬ ಅಮೆರಿಕನ್. ಅವರ ಬಾಲ್ಯದ ಗೆಳೆಯನೊಬ್ಬ ಸ್ಕಾರ್ಲೆಟ್ ಜ್ವರದಿಂದ ಕಿವುಡನಾಗಿದ್ದ. ಮತ್ತೆ ಅದೇ ಜ್ವರ! ಇಂಗಾಲದ ಮೈಕ್ ಬಳಸಿ ಹಚಿಸನ್‌ರವರು ವಿದ್ಯುತ್ ಶ್ರವಣಯಂತ್ರ ರೂಪಿಸಿದರು. ಕಿವಿ ಮಂದವಾಗಿದ್ದ ಇಂಗ್ಲೆಂಡಿನ ರಾಣಿ ಅಲೆಕ್ಸಾಂಡ್ರಾ ಅದನ್ನು ಬಳಸಿ ಮೆಚ್ಚಿಕೊಂಡರು. ಇದೇ ಹಚಿಸನ್ ಮುಂದೆ ಎಡಿಸನ್‌ರ ಪ್ರಯೋಗಾಲಯದ ಮುಖ್ಯ ಎಂಜಿನಿಯರ್ ಆದರು. ಇವರದೇ ಇನ್ನೊಂದು ಕೊಡುಗೆ ಕೇಳಿದರೆ ನಗು ಬರುತ್ತದೆ: ಮೋಟಾರು ಗಾಡಿಗಳ ಕರ್ಕಶವಾದ ಕ್ಲಾಕ್ಸನ್ ಹಾರ್ನ್!

ಅವರ ಮೊದಲ ಯಂತ್ರಕ್ಕಿಂತ ಎರಡನೆಯದೇ ನಮ್ಮ ರಸ್ತೆಗಳಲ್ಲಿ ಗೆದ್ದಿದೆ ಎನ್ನಬೇಕು. ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಒಂದೊಂದು ಕಿವಿಗೆ ಹದಿನೈದು ಸಾವಿರದಷ್ಟು ಮಾತ್ರ. ಅತಿಯಾದ ಸದ್ದಿಗೆ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಎಡಿಸನ್‌ರಿಗೆ ಕೆಟ್ಟಿದ್ದ ನಡುಗಿವಿಯನ್ನು ಇಂದಿನ ವೈದ್ಯರು ರಿಪೇರಿ ಮಾಡಬಲ್ಲರು. ಈ ಕೋಶಗಳನ್ನು ಮತ್ತೆ ಬೆಳೆಸಲಾರರು. 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು, 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮದುವೆ ಹಾಲ್‌ನ ಡಿಜೆ ಇದನ್ನೂ ಮೀರುತ್ತದೆ. ಇಯರ್‌ಫೋನ್ ಹಾಕಿಕೊಂಡು ಬಸ್ಸಿನಲ್ಲಿ ಕೂರುವ ನಮ್ಮ ಪಿಯುಸಿ ಹುಡುಗ ಹುಡುಗಿಯರು ಬಸ್ಸಿನ ಗದ್ದಲವನ್ನು ಮೀರಲು ಧ್ವನಿ ಏರಿಸುತ್ತಾರೆ. ಮೊಬೈಲಿನ ಒಟ್ಟು ಧ್ವನಿಯ ಶೇಕಡಾ 60ನ್ನು ದಾಟದಿರುವುದು ಒಳ್ಳೆಯದು. ಗದ್ದಲದ ಕಡೆಯಿಂದ ಬಂದ ಮೇಲೆ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿದ್ದರೆ ಕಿವಿ ಏಟು ತಿಂದಿದೆ ಎಂದೇ ಅರ್ಥ.

ಮತ್ತೆ ಎಡಿಸನ್‌ರ ಕಥೆಗೆ ಬರೋಣ. 1879ರ ದೀಪ, 1882ರಲ್ಲಿ ನ್ಯೂಯಾರ್ಕ್‌ನ ಪರ್ಲ್ ರಸ್ತೆಯ ವಿದ್ಯುತ್ ಕೇಂದ್ರ, ಚಲನಚಿತ್ರ, ಬ್ಯಾಟರಿ, ಇವೆಲ್ಲ ಪಠ್ಯದಲ್ಲಿವೆ. ಪಠ್ಯದಲ್ಲಿಲ್ಲದ ಒಂದು ಸೋಲನ್ನು ಹೇಳುತ್ತೇನೆ. ಹತ್ತು ವರ್ಷ ಬದಿಗಿಟ್ಟಿದ್ದ ಫೋನೋಗ್ರಾಫನ್ನು 1888ರಲ್ಲಿ ಮೇಣದ ಉರುಳೆಯೊಂದಿಗೆ ಸುಧಾರಿಸಿ, ಮುಂದೆ ಹಾಡಿನ ರೆಕಾರ್ಡು ಮಾರುವ ದೊಡ್ಡ ವ್ಯಾಪಾರಕ್ಕಿಳಿದರು. ಯಾವ ಗಾಯಕರನ್ನು ರೆಕಾರ್ಡು ಮಾಡಬೇಕೆಂದು ತೀರ್ಮಾನಿಸುವ ಕೆಲಸವನ್ನು ಬೇರೆಯವರಿಗೆ ಬಿಡಲಿಲ್ಲ. ಮಂದ ಕಿವಿಯಿಂದ, ಹಲ್ಲಿನಿಂದ ಕೇಳಿ ತಾವೇ ಆರಿಸುತ್ತಿದ್ದರು. ಸ್ವರವನ್ನು ಅಲುಗಿಸಿ ಹಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಪ್ರಸಿದ್ಧ ಪಿಯಾನೊ ವಾದಕ ರಾಖ್ಮನಿನೋವ್ 1919ರಲ್ಲಿ ಇವರಿಗೆ ನುಡಿಸಿ, ಮರುವರ್ಷವೇ ಎದುರಾಳಿ ಕಂಪನಿಗೆ ಹೋದರು. ಜನರಿಗೆ ಬೇಕಾದ ಹಾಡುಗಾರರು ಒಬ್ಬೊಬ್ಬರಾಗಿ ಬೇರೆಡೆ ಸೇರಿದರು. 1929ರ ಅಕ್ಟೋಬರಿನಲ್ಲಿ ರೆಕಾರ್ಡು ತಯಾರಿಕೆ ನಿಂತುಹೋಯಿತು. ರೇಡಿಯೊದ ಪೈಪೋಟಿಯೂ ಕಾರಣವಾಗಿತ್ತು. ಆದರೂ ಪ್ರಯೋಗಾಲಯದಲ್ಲಿ ಬೇರೆಯವರ ಕಿವಿಯನ್ನು ನಂಬಿದ ಮನುಷ್ಯ ಸಂಗೀತದಲ್ಲಿ ಯಾಕೆ ನಂಬಲಿಲ್ಲವೋ!

ಕೊನೆಯ ವರ್ಷಗಳಲ್ಲಿ ಎಡಗಿವಿ ಪೂರ್ತಿ, ಬಲಗಿವಿ ಬಹುಪಾಲು ಕೇಳುತ್ತಿರಲಿಲ್ಲ. 1927ರಲ್ಲಿ ಫೋನೋಗ್ರಾಫಿನ ಐವತ್ತನೇ ವರ್ಷದ ಸಮಾರಂಭ ನಡೆಯಿತು. ಎಂಬತ್ತು ವರ್ಷದ ಎಡಿಸನ್‌ರವರು ಅದೇ ಕುರಿಮರಿಯ ಶಿಶುಗೀತೆಯನ್ನು ಮತ್ತೊಮ್ಮೆ ಯಂತ್ರಕ್ಕೆ ಹೇಳಿದರು. 1877ರ ತವರದ ಹಾಳೆ ಉಳಿದಿಲ್ಲ. ನಾವಿಂದು ಕೇಳುವುದು ಈ ಎರಡನೆಯದನ್ನು. 1931ರ ಅಕ್ಟೋಬರ್ 18ರಂದು ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ, 84ನೇ ವಯಸ್ಸಿನಲ್ಲಿ ಅವರು ನಿಧನರಾದರು. ಅಂತ್ಯಕ್ರಿಯೆಯಾದ 21ರ ರಾತ್ರಿ ಅಧ್ಯಕ್ಷ ಹೂವರ್‌ರ ಕೋರಿಕೆಯಂತೆ ಅಮೆರಿಕದ ಮನೆಗಳಲ್ಲಿ ಸ್ವಲ್ಪ ಹೊತ್ತು ದೀಪಗಳನ್ನು ಆರಿಸಿದರು.

ಆ 1927ರ ಧ್ವನಿಯನ್ನು ಕಳೆದ ವರ್ಷ ನನ್ನ ತರಗತಿಯಲ್ಲಿ ಮೊಬೈಲಿನಿಂದ ಕೇಳಿಸಿದೆ. ಕರಕರ ಸದ್ದಿನ ನಡುವೆ ಮುದುಕರೊಬ್ಬರು ಕೂಗಿ ಕೂಗಿ ಪದ್ಯ ಹೇಳುತ್ತಾರೆ. ಇಷ್ಟು ಜೋರಾಗಿ ಯಾಕೆ ಹೇಳುತ್ತಾರೆ ಟೀಚರ್ ಎಂದು ಒಬ್ಬಳು ಕೇಳಿದಳು. ಅವರ ದನಿ ಅವರಿಗೇ ಕೇಳುತ್ತಿರಲಿಲ್ಲ ಎಂದೆ. ಮಕ್ಕಳು ಮತ್ತೊಮ್ಮೆ ಹಾಕಲು ಹೇಳಿದರು.